ಹಿಂದಿನ ಸಾಲಿನ ಹೊಂಗೆ

ಆ ಗುರುವಾರ ಹಂಪಯ್ಯ ಎರಡು ತಟ್ಟೆ ಮಂಡಕ್ಕಿ ಒಗ್ಗರಣೆ ಮಿರ್ಚಿ ತಿಂದ. ಮಾರನೆಯ ದಿನ ಅವನು ಇರುವುದಿಲ್ಲ ಎಂದು ಮಿರ್ಚಿ ಕರಿಯುವವನಿಗೂ ಗೊತ್ತಿರಲಿಲ್ಲ, ಹೆಂಡತಿ ಜಂಬಕ್ಕನಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಎರಡನೆಯ ತಟ್ಟೆಗೆ ಅವಳು ಬೈಯುತ್ತಿರಲಿಲ್ಲ.

ಯುಗಾದಿ ಕಳೆದು ಹತ್ತು ದಿನವಾಗಿತ್ತು. ಗಂಡ ಹೆಂಡತಿ ಇಬ್ಬರೂ ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಒಂದು ನರ್ಸರಿಯಲ್ಲಿ ಕೂಲಿಯವರು. ಗಣಿಯವರು ಗುಡ್ಡ ಅಗೆದು, ಬೇಡದ ಮಣ್ಣನ್ನು ಒಂದು ಕಡೆ ಸುರಿದು, ಇನ್ನೊಂದು ಗುಡ್ಡ ಮಾಡಿರುತ್ತಾರೆ. ಅದಕ್ಕೆ ಡಂಪು ಎನ್ನುತ್ತಾರೆ. ಆ ಡಂಪಿಗೆ ಹಚ್ಚುವ ಗಿಡ ಬೆಳೆಸುವುದೇ ನರ್ಸರಿಯ ಕೆಲಸ. ಅವತ್ತು ರಜೆ ಹಾಕಿ ಇಬ್ಬರೂ ಬೆಳಗಿನ ಬಸ್ಸಿಗೆ ಹಂಪಿಗೆ ಹೋದರು. ದೇವರಿಗಲ್ಲ. ಹೊಂಗೆಕಾಯಿ ಆರಿಸುವುದಕ್ಕೆ.

ಹಂಪಿ ಬಜಾರಿನಲ್ಲಿ ಎಳನೀರು ಮಾರುವ ಗಾಳೆಪ್ಪ ಇವರನ್ನು ಕಂಡು ಮಚ್ಚು ಕೆಳಗಿಟ್ಟ.

"ಏನಪಾ ಹಂಪಯ್ಯಣ್ಣ, ಮಂದಿ ಗುಡಿ ನೋಡಾಕ ಬರ್ತಾರ, ನೀನು ಕಸ ಆರ್ಸಾಕ ಬರ್ತೀಯಲ್ಲ! ವರ್ಷಾ ವರ್ಷಾ ಅದೇ ಚೀಲ."

"ಕಸ ಅಲ್ಲಲೇ ಗಾಳ್ಯಾ. ಬೀಗ್ರ ಮನಿಗೆ ಹೊಂಟೀನಿ. ಹೆಣ್ಣು ಕೇಳಾಕ."

"ಅಕ್ಕ ಸಂಗ್ತೀಲೆ ಅದಾಳ. ಯಾರಿಗೆ ಹೆಣ್ಣು?"

"ಸಂಡೂರು ಡಂಪಿಗೆ."

ಗಾಳೆಪ್ಪ ನಕ್ಕ ನಗೆಗೆ ಪಕ್ಕದಲ್ಲಿ ನಿಂತ ವಿದೇಶಿ ಹುಡುಗಿಯೂ ಅರ್ಥವಾಗದೆ ನಕ್ಕಳು.

ಬಂಡೆಗಳ ನಡುವೆ ಅರ್ಧ ತಾಸು ನಡೆದರೆ ಆ ಮರ. ಅದನ್ನು ಮರ ಎಂದರೆ ಮರಕ್ಕೇ ನಾಚಿಕೆ. ಎರಡು ಬಂಡೆಯ ಸೀಳಿನಲ್ಲಿ ಹುಟ್ಟಿ, ಒಂದಕ್ಕೆ ಬೆನ್ನು ಕೊಟ್ಟು, ಇನ್ನೊಂದನ್ನು ಮೊಣಕೈಯಿಂದ ತಳ್ಳುತ್ತ ನಿಂತ ಡೊಂಕು ಹೊಂಗೆ. ಸುತ್ತ ಕಾರೆಮುಳ್ಳು, ಕಳ್ಳಿ, ಒಣಹುಲ್ಲು. ಬಂಡೆ ಮುಟ್ಟಿದರೆ ಒಲೆಯ ಮೇಲಿನ ಹಂಚು ಮುಟ್ಟಿದ ಹಾಗೆ. ಮಧ್ಯಾಹ್ನದವರೆಗೆ ಬಗ್ಗಿ ಬಗ್ಗಿ ಆರಿಸಿದರೂ ಅರ್ಧ ಚೀಲ ದಾಟಲಿಲ್ಲ.

"ಕಂಪ್ಲಿ ಕಾಲುವಿ ದಂಡಿಗೆ ಹೋಗಿದ್ರ ಇಷ್ಟೊತ್ತಿಗೆ ಮೂರು ಚೀಲ ತುಂಬ್ತಿದ್ವು," ಎಂದಳು ಜಂಬಕ್ಕ. ಅವಳ ತವರು ಕಂಪ್ಲಿ. "ನಮ್ಮವ್ವನ ಮನ್ಯಾಗ ಊಟಾನೂ ಆಗ್ತಿತ್ತು."

"ಕಾಲುವಿ ಗಿಡ ಕುಂತು ಉಂಡಾವು ಜಂಬಿ. ಅವ್ಕೇನು ಗೊತ್ತೈತಿ?" ಹಂಪಯ್ಯ ಒಂದು ಕಾಯಿಯನ್ನು ಅಂಗೈಯಲ್ಲಿ ಹೊರಳಿಸಿದ. "ಇಲ್ಲಿ ವರ್ಷಾ ಸಾವಿರ ಕಾಯಿ ಬೀಳ್ತಾವ. ಮಳಿ ಬಂದ್ರ ನೂರು ಮೊಳೀತಾವ. ಸಂಕ್ರಾಂತಿಗೆ ಐದು ಉಳೀತಾವ. ಯುಗಾದಿಗೆ ಒಂದು. ಹಂಗ ಉಳಿದದ್ದರ ಮೊಮ್ಮಗಳ ಮೊಮ್ಮಗಳು ಇದು. ಈ ಕಲ್ಲು ಸೋಸಿ ಸೋಸಿ ಇಟ್ಟೈತಿ. ನಾವು ಬರೇ ಚೀಲ ಹಿಡಿಯಾದು."

"ಹಿಡೀರಿ ಹಂಗಾರ. ನನ್ನ ಸೊಂಟ ಬಿತ್ತು."

ನೆರಳಿಗೆ ಕುಳಿತು ರೊಟ್ಟಿ, ಶೇಂಗಾ ಚಟ್ನಿ ತಿಂದರು. ಇಳಿಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿ ಅವನು ಮಿರ್ಚಿ ತಿಂದ, ಅವಳು ಬೈದಳು. ಬಸ್ಸಿನಲ್ಲಿ ಅವನು ಚೀಲವನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ನಿದ್ದೆ ಹೋದ.

ಮಾರನೆಯ ದಿನ ಬೆಳಿಗ್ಗೆ ನರ್ಸರಿಯಲ್ಲಿ ಗಿಡಗಳಿಗೆ ನೀರು ಹಿಡಿದು ನಿಂತಿದ್ದವನು ನೆರಳುಬಲೆಯ ಕೆಳಗೆ ಕುಳಿತ. ಕುಳಿತವನು ಏಳಲಿಲ್ಲ. ಎದೆ ನಿಂತಿದೆ ಎಂದರು ಡಾಕ್ಟರು. ಪೈಪಿನಿಂದ ನೀರು ಹೋಗುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಐವತ್ತೆಂಟು ವರ್ಷ. ಅಷ್ಟೇ.

ಹಂಪಯ್ಯ ಹುಟ್ಟಿದ್ದು ಸಂಡೂರಿನಲ್ಲಿ. ಓದಿದ್ದು ಮೂರನೆಯ ಇಯತ್ತೆ. ಹದಿನೈದಕ್ಕೇ ಲಾರಿಗೆ ಅದಿರು ತುಂಬುವ ಕೆಲಸಕ್ಕೆ ಬಿದ್ದ. ಮದುವೆಯಲ್ಲಿ ಅವನ ಬಿಳಿ ಅಂಗಿಯ ಕಾಲರು ಕೆಂಪಗಿತ್ತು. ಅರಿಶಿನ ಎಂದುಕೊಂಡಳು ಜಂಬಕ್ಕ. ಆಮೇಲೆ ಗೊತ್ತಾಯಿತು, ಅದಿರಿನ ಧೂಳು. ಎಷ್ಟು ಒಗೆದರೂ ಹೋಗಲಿಲ್ಲ. ಕಾಲುವೆಯ ನೀರಿನಲ್ಲಿ ಬಟ್ಟೆ ಒಗೆದು ಬೆಳೆದವಳು ಅವಳು. ಸಂಡೂರಿಗೆ ಬಂದ ಮೊದಲ ಬೇಸಿಗೆಯಲ್ಲಿ ಎರಡು ಕೊಡ ನೀರಿಗೆ ಒಂದು ಮೈಲಿ ನಡೆದು, ದಾರಿಯಲ್ಲೇ ಕುಳಿತು ಅತ್ತಳು. ಹಂಪಯ್ಯ ಬಂದು ಒಂದು ಕೊಡ ತಾನು ಹೊತ್ತುಕೊಂಡ. ಗಂಡಸು ಕೊಡ ಹೊತ್ತದ್ದನ್ನು ನೋಡಿ ಓಣಿ ಎಂಟು ದಿನ ನಕ್ಕಿತು.

"ನಗ್ಲಿ ಬಿಡು. ಹಲ್ಲು ಅವ್ರವು," ಎಂದ.

ಗಣಿ ನಿಂತ ವರ್ಷ ಲಾರಿ ಕೆಲಸ ಹೋಯಿತು. ನರ್ಸರಿಗೆ ಸೇರಿದ. ಪಾಕೀಟಿಗೆ ಮಣ್ಣು ತುಂಬು, ಬೀಜ ಹಾಕು, ನೀರು ಹಿಡಿ. ಬೀಜ ತರುತ್ತಿದ್ದುದು ಕಂಪ್ಲಿಯ ಕಾಲುವೆ ದಂಡೆಯಿಂದ. ಅಲ್ಲಿ ಹೊಂಗೆ ಸೊಂಪಾಗಿ ಬೆಳೆಯುತ್ತದೆ, ಟೊಂಗೆ ಕೈಗೆ ಎಟಕುತ್ತದೆ, ಚೀಲ ಬೇಗ ತುಂಬುತ್ತದೆ. ಎಲ್ಲರೂ ಹಾಗೇ ಮಾಡುತ್ತಿದ್ದರು, ಹಂಪಯ್ಯನೂ ಹಾಗೇ ಮಾಡಿದ. ಗಿಡ ಮಸ್ತ್ ಬಂದವು. ಒಂದೇ ವರ್ಷಕ್ಕೆ ಸೊಂಟದ ಎತ್ತರ, ಎಣ್ಣೆ ಹಚ್ಚಿದಂಥ ಎಲೆ. ಮಳೆಗಾಲದಲ್ಲಿ ಇನ್ನೂರು ಗಿಡ ಡಂಪಿಗೆ ಹೋದವು. ಯುಗಾದಿಗೆ ಒಂದೂ ಇರಲಿಲ್ಲ.

ಹಂಪಯ್ಯ ಡಂಪು ಹತ್ತಿ ಒಣಗಿದ ಕಡ್ಡಿಗಳನ್ನು ಎಣಿಸಿಕೊಂಡು ಬಂದ. ಮೂರನೆಯ ದಿನ ಬುದ್ಧಿ ಹೊಳೆಯಿತು. ತಪ್ಪು ಬುದ್ಧಿ.

"ಮುದ್ದು ಮಾಡಿ ಕೆಡಿಸೀವಿ. ಈ ವರ್ಷ ನೀರು ಕಡಿಮಿ ಮಾಡಿ ಕಷ್ಟ ಕಲಿಸ್ತೀನಿ. ಕಲ್ತ ಮ್ಯಾಲೆ ಡಂಪಿಗೆ ಕಳಿಸ್ತೀನಿ."

ಅದೇ ಕಾಲುವೆ ಬೀಜದ ಇನ್ನೂರು ಗಿಡವನ್ನು ನರ್ಸರಿಯ ಹಿಂದಿನ ಸಾಲಿನಲ್ಲಿ ಬಿಸಿಲಿಗೆ ಇಟ್ಟ. ಎಂಟು ದಿನಕ್ಕೊಮ್ಮೆ ನೀರು. ಕೂಲಿಯವರೆಲ್ಲ ಆ ಸಾಲಿಗೆ 'ಹಂಪಯ್ಯನ ಸಾಲಿ' ಎಂದು ಹೆಸರಿಟ್ಟರು. ಸಾಲಿ ಎಂದರೆ ಈ ಕಡೆ ಶಾಲೆ. ಬರುತ್ತ ಹೋಗುತ್ತ ಕೇಳುವರು: "ಏನ್ ಮಾಸ್ತರ, ಇವತ್ತು ಎಷ್ಟು ಹಾಜರಿ?" ಹಾಜರಿ ದಿನದಿನಕ್ಕೆ ಇಳಿಯಿತು. ಬೇಸಿಗೆ ಮುಗಿದಾಗ ಇನ್ನೂರರಲ್ಲಿ ಮೂರು.

ಆ ಮೂರನ್ನು ಹಂಪಯ್ಯ ಬಹಳ ಹೊತ್ತು ನೋಡಿದ. ಕುಳ್ಳು, ಡೊಂಕು, ಚಿಕ್ಕ ಎಲೆ. ಸತ್ತ ಗಿಡದ ಪಾಕೀಟು ಒಡೆದು ಬೇರು ನೋಡಿದ. ಬೆರಳುದ್ದ. ಬದುಕಿದ್ದರ ಪಾಕೀಟು ಒಡೆದ. ಬೇರು ತಳಕ್ಕೆ ಹೋಗಿ ಹಗ್ಗದ ಹಾಗೆ ಮೂರು ಸುತ್ತು ಸುತ್ತಿಕೊಂಡಿತ್ತು.

"ಕಲ್ತಿಲ್ಲ ಜಂಬಿ," ಎಂದ ಅವತ್ತು ಊಟಕ್ಕೆ ಕುಳಿತು. "ಒಂದೂ ಕಲ್ತಿಲ್ಲ. ಎಲ್ಲಾಕೂ ಅಷ್ಟೇ ನೀರು, ಅಷ್ಟೇ ಬಿಸ್ಲು. ಕಲಿಯಾಂಗಿದ್ರ ಎಲ್ಲಾನೂ ಕಲೀತಿದ್ವು. ಇವು ಮೂರು ಹುಟ್ಟಾಗ್ಲೇ ಹಂಗ ಇದ್ವು, ಬೇರು ಮೊದ್ಲು ಎಲಿ ಆಮ್ಯಾಲೆ. ನೀರು ಇದ್ದಾಗ ಯಾರಿಗೂ ಕಾಣ್ಲಿಲ್ಲ."

"ಇನ್ನೂರು ಕೊಂದು ಇದನ್ನ ಕಲ್ತದ್ದು ನೀವು," ಎಂದಳು ಜಂಬಕ್ಕ.

ಅವನು ತಲೆಯಾಡಿಸಿದ. ರೊಟ್ಟಿ ಮುರಿದ. ಆಮೇಲೆ ಅವನ ಮುಖ ಅರಳಿತು. "ಆ ಡೊಂಕು ಐತಲ್ಲ ನಡುವಿಂದು, ಅದಕ್ಕ ಸುವರ್ಣಮ್ಮ ಅಂತ ಹೆಸ್ರಿಟ್ಟೀನಿ."

ಸುವರ್ಣಮ್ಮ ಜಂಬಕ್ಕನ ತಾಯಿ.

"ಯಾಕಂತ?"

"ನಿಮ್ಮವ್ವ ಇದ್ದಂಗ ಐತಿ. ಏನು ಮಾಡಿದ್ರೂ ಸಾಯಂಗಿಲ್ಲ."

ಜಂಬಕ್ಕ ಸೌಟು ಎತ್ತಿದಳು. ಅವನು ತಟ್ಟೆ ಸಮೇತ ಹೊರಗೆ ಓಡಿದ. ಮುಂದಿನ ಸಲ ಕಂಪ್ಲಿಗೆ ಹೋದಾಗ ಅವಳೇ ಅವ್ವನಿಗೆ ಚಾಡಿ ಹೇಳಿದಳು. ಎಂಬತ್ತರ ಮುದುಕಿ ಅವತ್ತೂ ಗದ್ದೆಯಲ್ಲಿ ನಾಟಿ ಮುಗಿಸಿ ಬಂದಿದ್ದಳು. ಬೊಚ್ಚುಬಾಯಿಯಲ್ಲಿ ನಕ್ಕು, "ಅಳಿಯ ದೇವ್ರು ಖರೇನ ಹೇಳ್ಯಾರ," ಎಂದಳು.

ಸುವರ್ಣಮ್ಮನೂ ಸೇರಿ ಆ ಮೂರೂ ಗಿಡ ಡಂಪಿನ ಮೇಲೆ ಬದುಕಿದವು. ಆರನೆಯ ವರ್ಷ ಕಾಯಿ ಬಿಟ್ಟವು. ಅಲ್ಲಿಯವರೆಗೆ ನೀರಿಲ್ಲದೆ ಬೆಳೆದ ಹಂಪಿಯ ಬಂಡೆಯ ಕಾಯಿ, ಆಮೇಲೆ ಈ ಕಾಯಿಯೂ ಸೇರಿ, ಇವೆರಡೇ ಹಿಂದಿನ ಸಾಲಿಗೆ ಬೀಜ. ಅವುಗಳಲ್ಲೂ ಬೇಸಿಗೆಗೆ ಉಳಿದದ್ದು ಮಾತ್ರ ಡಂಪಿನ ಅಂಚಿಗೆ ಹೋಗುತ್ತಿತ್ತು. ಹನ್ನೆರಡು ವರ್ಷ ಇದೇ ಕೆಲಸ. ಯಾರೂ ಹೇಳಿದ್ದಲ್ಲ. ಯಾರೂ ಎಣಿಸಿದ್ದೂ ಇಲ್ಲ.

ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಬೆರಳು ತೋರಿಸುತ್ತಿದ್ದ. "ನೋಡು, ತಾಸು ತಾಸಿನ ದಾರಿ, ಮೂರು ಲೋಕ. ಕಂಪ್ಲ್ಯಾಗ ಭತ್ತ, ಕಬ್ಬು, ವರ್ಷಾ ಪೂರ್ತಿ ಹಸಿರು. ಹಂಪ್ಯಾಗ ಕಳ್ಳಿ, ಎಲೀನ ಇಲ್ಲ. ಎಲಿ ಇದ್ರ ನೀರು ಹಾರ್ತೈತಿ, ಎಲಿ ಸಣ್ಣಂದು ಆದಷ್ಟೂ ಬದುಕು ದೊಡ್ಡದು. ಸಂಡೂರು ಗುಡ್ಡದಾಗ ಕಮರದ ಗಿಡ ನೋಡು, ಬ್ಯಾಸಗ್ಯಾಗ ಎಲಿ ಉದುರಿಸಿ ಸತ್ತಂಗ ನಿಂದರ್ತೈತಿ. ಮೊದ್ಲನೇ ಮಳಿಗೆ ಎದ್ದು ಕುಂದರ್ತೈತಿ. ನಾಟಕ ಮಂಡ್ಳಿ!"

ಆಮೇಲೆ ಅವಳ ಕಡೆ ತಿರುಗಿ, "ನೀನೂ ಕಾಲುವಿ ಗಿಡಾನ. ಸಂಡೂರಿಗೆ ತಂದು ಹಚ್ಚಿದ್ರೂ ಒಣಗ್ಲಿಲ್ಲ ನೋಡು," ಎನ್ನುತ್ತಿದ್ದ. ಮುಂದಿನ ಸೀಟಿನವರಿಗೂ ಕೇಳುವ ಹಾಗೆ. ಜಂಬಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಳು.

ಇಂಥ ಮನುಷ್ಯ ಹೋದ.

ಹದಿನೈದು ದಿನಕ್ಕೆ ಜಂಬಕ್ಕ ಕೆಲಸಕ್ಕೆ ಬಂದಳು. ಮನೆಯಲ್ಲಿ ಕುಳಿತರೆ ಗೋಡೆ ಮಾತಾಡುವುದಿಲ್ಲ. ನಾಲ್ಕು ರೊಟ್ಟಿ ಸಾಕು, ಕೈ ಏಳು ಬಡಿಯುತ್ತಿತ್ತು. ಉಳಿದದ್ದು ನಾಯಿಗೆ. ನಾಯಿ ದಪ್ಪಗಾಯಿತು. ಮನೆಯ ಮೂಲೆಯಲ್ಲಿ ಹಂಪಿಯ ಅರ್ಧ ಚೀಲ ಇತ್ತು, ಒಂದು ಗಡಿಗೆಯಲ್ಲಿ ಸುವರ್ಣಮ್ಮನ ಕಾಯಿ ಇತ್ತು. ಅವನೇ ಆರಿಸಿಟ್ಟದ್ದು. ಎಲ್ಲವನ್ನೂ ತಂದು ಹಿಂದಿನ ಸಾಲಿನಲ್ಲಿ ಬಿತ್ತಿದಳು. ಮೊಳೆತವು. ವರ್ಷಕ್ಕೆ ನೂರು ಚಿಲ್ಲರೆ ಗಿಡ ಉಳಿದವು. ಮೊಣಕಾಲುದ್ದವೂ ಇಲ್ಲ.

ಮುಂದಿನ ವರ್ಷದ ಮಳೆಗಾಲದ ಬಾಯಿಗೆ ಮೇಸ್ತ್ರಿ ಮರುಳಸಿದ್ದಪ್ಪ ತನ್ನ ಬಣ್ಣದ ಕೋಲು ತಂದ. ಕೋಲಿಗೆ ಎರಡು ಅಡಿಗೆ ಕೆಂಪು ಪಟ್ಟಿ. ಪಟ್ಟಿ ಮುಟ್ಟಿದ ಗಿಡ ಡಂಪಿಗೆ, ಮುಟ್ಟದ್ದು ತಿಪ್ಪೆಗೆ. ಹಂಪಯ್ಯ ಇರುವಾಗ ಕೋಲು ಹಿಂದಿನ ಸಾಲಿಗೆ ಬರುತ್ತಿರಲಿಲ್ಲ. ಮರುಳಸಿದ್ದಪ್ಪನಿಗೆ ಅವನ ಬಾಯಿ ಎಂದರೆ ಹೆದರಿಕೆ. ಈಗ ಬಂತು.

"ಜಂಬಕ್ಕ, ಇವನ್ನ ಸುರಿದು ಪಾಕೀಟಿನ ಮಣ್ಣು ತೆಗಿಬೇಕು. ಹೊಸ ಬಿತ್ನಿ ಐತಿ."

"ಸುರಿಯಂಗಿಲ್ಲ."

"ಅಳತಿಗೆ ಮುಟ್ಟಿಲ್ಲವ್ವಾ."

"ಕೋಲು ಆರ್ಸೋದು ಬ್ಯಾರೆ, ಬಿಸ್ಲು ಆರ್ಸೋದು ಬ್ಯಾರೆ. ಅವ್ರು ಸಾವಿರ ಸಲ ಹೇಳ್ಯಾರ ನಿನಗ."

"ಹೇಳ್ಯಾನ. ಅವ್ನು ಹೇಳಿದ್ದು ಕೇಳಿದ್ರ ನನ್ನ ನೌಕ್ರಿ ಇರ್ತಿರ್ಲಿಲ್ಲ." ಕೆಟ್ಟ ಮನುಷ್ಯನಲ್ಲ ಅವನು. ದನಿ ಇಳಿಸಿದ. "ನಾಳೆ ನರ್ಸರಿ ನೋಡ್ಕೊಳ್ಳಾಕ ಹೊಸ ಮೇಡಂ ಬರ್ತಾರ. ಅವ್ರು ಬ್ಯಾಡ ಅಂದ್ರ ನನ್ನ ಬೈಬ್ಯಾಡ."

ಜಂಬಕ್ಕ ಅವತ್ತು ಉಣ್ಣಲಿಲ್ಲ. ಗಂಡನ ಅಂಗಿ ಹೋಯಿತು, ಚಪ್ಪಲಿ ಹೋಯಿತು, ಕೊಟ್ಟುಬಿಟ್ಟಳು. ಆದರೆ ಅವನ ಕೈ ಮುಟ್ಟಿ ಹೋದ ಬೀಜ ಇಷ್ಟೇ. ಇವನ್ನು ತಿಪ್ಪೆಗೆ ಸುರಿದರೆ ಹನ್ನೆರಡು ವರ್ಷವೂ ಹುಚ್ಚು ಎಂದಾಗುತ್ತದೆ.

ಮಾರನೆಯ ದಿನ ಮೇಡಂ ಬಂದರು. ಹೆಸರು ಸ್ಫೂರ್ತಿ. ಇಪ್ಪತ್ತಾರು ವರ್ಷ, ಕಾಡಿನ ವಿದ್ಯೆ ಓದಿದವರು, ಮೈಸೂರು ಕಡೆಯ ಮಾತು. ಜೀಪಿನಿಂದ ಇಳಿದು ಎಲ್ಲ ಸಾಲು ನೋಡಿಕೊಂಡು ಹಿಂದಿನ ಸಾಲಿಗೆ ಬಂದು ನಿಂತರು.

"ಇವಕ್ಕೇನಾಗಿದೆ? ಗೊಬ್ಬರ ಹಾಕಿಲ್ವಾ?"

ಜಂಬಕ್ಕ ಸೊಂಟದಿಂದ ಕುಡುಗೋಲು ತೆಗೆದಳು. ಮರುಳಸಿದ್ದಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಮುಂದಿನ ಸಾಲಿನಿಂದ ಸೊಂಟದೆತ್ತರದ ಕಾಲುವೆ ಗಿಡ ತಂದು ಪಾಕೀಟು ಸೀಳಿದಳು, ಮಣ್ಣು ಕೊಡವಿದಳು. ಹಿಂದಿನ ಸಾಲಿನದನ್ನೂ ಸೀಳಿ, ಎರಡನ್ನೂ ಮೇಡಂ ಕಾಲ ಬಳಿ ಮಲಗಿಸಿದಳು.

"ನೋಡ್ರಿ."

ಒಂದಕ್ಕೆ ಮೇಲೆ ಎರಡೂವರೆ ಅಡಿ, ಕೆಳಗೆ ಗೇಣು. ಇನ್ನೊಂದಕ್ಕೆ ಮೇಲೆ ಒಂದು ಅಡಿ, ಕೆಳಗೆ ಸುತ್ತು ಬಿಚ್ಚಿದರೆ ಎರಡು ಅಡಿಯ ಮೇಲೆ.

ಸ್ಫೂರ್ತಿ ಮೇಡಂ ಇಸ್ತ್ರಿ ಪ್ಯಾಂಟಿನಲ್ಲೇ ಕೆಸರಿನಲ್ಲಿ ಮೊಣಕಾಲೂರಿದರು. ಬೇರನ್ನು ಬೆರಳಿಂದ ಬಿಡಿಸಿದರು. "ಅಯ್ಯೋ! ಯಾರು ಮಾಡಿದ್ದು ಇದನ್ನ?"

ಜಂಬಕ್ಕ ಹೇಳಿದಳು. ಕಾಲುವೆ ಬೀಜ, ಸತ್ತ ಇನ್ನೂರು, ಉಳಿದ ಮೂರು, ಹಂಪಿಯ ಬಂಡೆ. ಸುವರ್ಣಮ್ಮನ ಹೆಸರು ಬಂದಾಗ ಮೇಡಂ ಬಿದ್ದು ಬಿದ್ದು ನಕ್ಕರು.

"ಅಂದ್ರೆ ಈ ಗಿಡಗಳು ಒಣನೆಲಕ್ಕೆ ಹೊಂದಿಕೊಂಡಿವೆ."

"ಹೊಂದ್ಕೊಂಡಿಲ್ರಿ," ಎಂದಳು ಜಂಬಕ್ಕ. "ಹೊಂದದ್ದು ಸತ್ತಾವ."

ಮೇಡಂ ಅವಳ ಮುಖ ನೋಡಿದರು. "ನಿಜ. ಇದಕ್ಕೆ ನೈಸರ್ಗಿಕ ಆಯ್ಕೆ ಅಂತಾರೆ. ನಾನು ಪರೀಕ್ಷೆಯಲ್ಲಿ ಇದನ್ನ ಆರು ಪುಟ ಬರೆದೆ."

"ಹೆಸ್ರು ಐತೇನ್ರಿ ಇದಕ್ಕ? ನಮ್ಮನಿಯವ್ರು ಹೆಸ್ರಿಲ್ದನ ಮಾಡಿದ್ರು. ಗೊತ್ತಾಗಿದ್ರ ಖುಷಿ ಪಡ್ತಿದ್ರು. ಅದಕ್ಕೂ ಏನಾರ ಅಡ್ಡೆಸರು ಇಡ್ತಿದ್ರು."

ಮರುಳಸಿದ್ದಪ್ಪ ಕೋಲು ನೆಲಕ್ಕೆ ಕುಟ್ಟಿದ. "ಬೇರು ಯಾರು ನೋಡ್ತಾರ್ರಿ ಮೇಡಂ? ಡಂಪಿನ ಮ್ಯಾಲೆ ಬದುಕಿದ್ರ ಒಪ್ತೀನಿ. ಇದು ಮುಂದಿನ ಯುಗಾದಿಗೆ ಇದ್ರ ಇಡೀ ನರ್ಸರಿಗೆ ನಂದೇ ಮಿರ್ಚಿ."

"ಒಗ್ಗರಣಿ ಸಮೇತ," ಎಂದಳು ಜಂಬಕ್ಕ.

"ಒಗ್ಗರಣಿ ಸಮೇತ."

ಮೇಡಂ ಪಂದ್ಯಕ್ಕೆ ಕಟ್ಟಳೆ ಹಾಕಿದರು. ಒಂದೇ ಡಂಪು, ಒಂದೇ ಇಳಿಜಾರು. ಒಂದು ಗುಂಡಿಗೆ ಕಾಲುವೆಯದು, ಪಕ್ಕದ ಗುಂಡಿಗೆ ಹಿಂದಿನ ಸಾಲಿನದು. ಅವು ನೂರು, ಇವು ನೂರು. ಟ್ಯಾಂಕರ್ ಆ ಏರು ಹತ್ತುವುದಿಲ್ಲ, ಆದ್ದರಿಂದ ನೀರು ಕೊಟ್ಟೆ ಕೊಡಲಿಲ್ಲ ಎಂಬ ಜಗಳವಿಲ್ಲ. ಮಳೆ ಕೊಟ್ಟದ್ದೇ ನೀರು.

ಆಶ್ವಯುಜದವರೆಗೆ ಕಾಲುವೆ ಗಿಡವೇ ಮೆರೆಯಿತು. ಮರುಳಸಿದ್ದಪ್ಪ ದಿನಾ ಮೇಲೆ ಹೋಗಿ ಬಂದು, "ನಿನ್ನವು ಇನ್ನೂ ಅಂಬೆಗಾಲು ಇಡಾಕತ್ತಾವ ಜಂಬಕ್ಕ," ಎನ್ನುವನು. ಸಂಕ್ರಾಂತಿ ಕಳೆಯಿತು. ಅವನು ದಿನಾ ಹೋಗುವುದನ್ನು ಬಿಟ್ಟ. ಶಿವರಾತ್ರಿ ಕಳೆಯಿತು. ಅವನು ಆ ಮಾತೇ ಎತ್ತಲಿಲ್ಲ.

ಯುಗಾದಿಯ ಕರಿದಿನದ ಮಾರನೆಯ ದಿನ ಎಲ್ಲರೂ ಡಂಪು ಹತ್ತಿದರು. ಬಿಸಿಲಿಗೆ ಕೆಂಪು ಮಣ್ಣು ಕಾದು ಚಪ್ಪಲಿಯ ತಳ ಸುಡುತ್ತಿತ್ತು. ಮೇಡಂ ಎಣಿಸಿದರು, ಮರುಳಸಿದ್ದಪ್ಪ ಹಿಂದೆಯೇ ಇನ್ನೊಮ್ಮೆ ಎಣಿಸಿದ. ಹಿಂದಿನ ಸಾಲಿನವು ಎಪ್ಪತ್ತೊಂದು. ಕುಳ್ಳಗೆ, ಎಲೆಗೆಲ್ಲ ಧೂಳು ಹಿಡಿದು, ಆದರೆ ಬುಡದಲ್ಲಿ ತುಸು ಗೀರಿ ನೋಡಿದರೆ ಹಸಿರು. ಕಾಲುವೆಯವು ಒಂಬತ್ತು.

ಹೆಂಗಸರು ಕೇಕೆ ಹಾಕಿದರು. ಯಾರೋ ಮರುಳಸಿದ್ದಪ್ಪನ ಕೈಯಿಂದ ಬಣ್ಣದ ಕೋಲು ಕಿತ್ತು ಜಂಬಕ್ಕನ ಕೈಗೆ ಕೊಟ್ಟರು. ಅವನು ಟವೆಲಿನಿಂದ ಮುಖ ಒರೆಸಿಕೊಂಡು, "ಹಂಪಯ್ಯ ಸತ್ತ ಮ್ಯಾಲೂ ನನ್ನ ಸುಮ್ನ ಬಿಡ್ಲಿಲ್ಲ," ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ ಟವೆಲನ್ನು ಕಣ್ಣಿನ ಮೇಲೇ ಸ್ವಲ್ಪ ಹೊತ್ತು ಇಟ್ಟುಕೊಂಡ.

ಜಂಬಕ್ಕ ಎಪ್ಪತ್ತೊಂದರ ಹತ್ತಿರ ಹೋಗಲಿಲ್ಲ. ಹಳೆಯ ಸೀರೆಯ ಅಂಚು ಹರಿದು ತಂದಿದ್ದಳು. ಆ ಒಂಬತ್ತು ಕಾಲುವೆ ಗಿಡಕ್ಕೆ ಒಂದೊಂದಾಗಿ ಕಟ್ಟಿದಳು.

"ಅವು ಸೋತವಲ್ಲಮ್ಮ, ಅವಕ್ಯಾಕೆ?" ಎಂದರು ಮೇಡಂ.

"ಸೋತದ್ದು ತೊಂಬತ್ತೊಂದ್ರಿ. ಇವು ಒಂಬತ್ತು ಕಾಲುವಿ ಬೀಜಾನೂ ಹೌದು, ಬದುಕಿದ್ವೂ ಹೌದು. ಮುಂದ ಕಾಯಿ ಬಿಟ್ರ ಇವುಗಳ ಬೀಜಾನೂ ಬೇಕು." ಗಂಟು ಬಿಗಿದಳು. "ನಾನೂ ಕಂಪ್ಲಿಯಾಕಿ."

ಒಗ್ಗರಣೆ ಮಿರ್ಚಿ ಬಂತು. ಮರುಳಸಿದ್ದಪ್ಪ ಮಾತಿಗೆ ತಪ್ಪುವವನಲ್ಲ. ನೆರಳುಬಲೆಯ ಕೆಳಗೆ ಎಲ್ಲರೂ ಕುಳಿತು ತಿಂದರು, ಮೇಡಂ ಖಾರಕ್ಕೆ ಕಣ್ಣೀರು ಸುರಿಸುತ್ತ ಇನ್ನೊಂದು ಎಂದರು. ಜಂಬಕ್ಕ ಎರಡು ತಟ್ಟೆ ತಿಂದಳು. ಬೈಯುವವರು ಇರಲಿಲ್ಲ.

ಹಿಂದಿನ ಸಾಲು ಈಗಲೂ ಇದೆ. ಈ ವರ್ಷದ ಬೀಜಕ್ಕೆ ಹಂಪಿಗೆ ಅವಳು ಒಬ್ಬಳೇ ಹೋಗಿಬಂದಳು. ಗಾಳೆಪ್ಪ ಒಂದು ಎಳನೀರು ಕೊಚ್ಚಿ ಕೈಗೆ ಕೊಟ್ಟ.

ಬೆಳಿಗ್ಗೆ ಆರಕ್ಕೆ ಅವಳೇ ನರ್ಸರಿಯ ಗೇಟು ತೆಗೆಯುತ್ತಾಳೆ. ಮೋಟಾರು ಹಾಕಿ ಪೈಪು ಹಿಡಿಯುತ್ತಾಳೆ. ಮೊದಲ ಸಾಲು, ಎರಡನೆಯ ಸಾಲು, ಎಲ್ಲಕ್ಕೂ ಬುಡ ನೆನೆಯುವಷ್ಟು ನೀರು. ಹಿಂದಿನ ಸಾಲು ಬಂದಾಗ ಪೈಪನ್ನು ಮಡಚಿ ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಅವಕ್ಕೆ ಎಂಟು ದಿನಕ್ಕೊಮ್ಮೆ ಮಾತ್ರ. ಎಳೆಯ ಎಲೆಗಳು ಜೋತು ಬಿದ್ದಿರುತ್ತವೆ. ನೀರು ಮುಷ್ಟಿಯೊಳಗೆ ಒದೆಯುತ್ತದೆ. ಕೊಟ್ಟುಬಿಡಲೇ ಎಂದು ಕೈಗೆ ದಿನಾ ಅನಿಸುತ್ತದೆ. ಬಿಡುವುದಿಲ್ಲ. ಸಾಲಿನ ಉದ್ದಕ್ಕೂ ನಲವತ್ತು ಹೆಜ್ಜೆ ಹಾಗೇ ನಡೆದು, ಆ ತುದಿಗೆ ಹೋಗಿ, ಆಚೆಯ ಗಿಡಗಳಿಗೆ ಪೈಪು ಬಿಚ್ಚುತ್ತಾಳೆ.